ಎಮು: ಮಳೆಯ ಬೆನ್ನು ಹತ್ತಿ ನಡೆಯುವ ಹಕ್ಕಿ

ಬೆಂಗಳೂರು: ಅನ್ನಪೂರ್ಣೇಶ್ವರಿ ನಗರ, ನಾಗರಭಾವಿ, ಕೆಂಗೇರಿ ಕಡೆಯ ಮಕ್ಕಳು ಶಾಲಾ ಪ್ರವಾಸಕ್ಕೆಂದು ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಹೋದಾಗ ಬೇಲಿಯಾಚೆ ನಿಂತ ಎಮುವನ್ನು ಕಂಡು ಉಷ್ಟ್ರಪಕ್ಷಿ ಎಂದು ಕೂಗುವುದುಂಟು. ಕಾಲಿನತ್ತ ಕಣ್ಣು ಹಾಯಿಸಿದರೆ ಗೊಂದಲ ತಾನಾಗಿಯೇ ಪರಿಹಾರವಾಗುತ್ತದೆ. ಆಫ್ರಿಕಾದ ಉಷ್ಟ್ರಪಕ್ಷಿಗೆ ಎರಡೇ ಬೆರಳು, ಎಮುವಿಗೆ ಮೂರು.

ಎಮುವಿನ ತವರು ಆಸ್ಟ್ರೇಲಿಯಾ. ಜೀವಂತ ಪಕ್ಷಿಗಳ ಪೈಕಿ ಎತ್ತರದಲ್ಲಿ ಉಷ್ಟ್ರಪಕ್ಷಿಯ ನಂತರದ ಸ್ಥಾನ ಇದರದ್ದು. ಬೆಳೆದ ಹಕ್ಕಿ 1.9 ಮೀಟರ್‌ವರೆಗೆ ಎತ್ತರವಿರಬಲ್ಲದು. ಡ್ರೋಮಿಯಸ್ ನೋವೆಹಾಲಾಂಡಿಯೆ ಎಂಬ ವೈಜ್ಞಾನಿಕ ನಾಮದ ಮೊದಲ ಪದಕ್ಕೆ ಗ್ರೀಕ್ ಭಾಷೆಯಲ್ಲಿ 'ಓಟಗಾರ' ಎಂದರ್ಥ. ಹೆಸರು ಅನ್ವರ್ಥವೇ. ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ಅದು ಓಡಬಲ್ಲದು. ರೆಕ್ಕೆಗಳೇನೋ ಇವೆ, ಆದರೆ ಗೇಣುದ್ದದ ಅವು ಹಾರಾಟಕ್ಕೆ ಒದಗುವುದಿಲ್ಲ. ಒಂದೇ ಬುಡದಿಂದ ಎರಡು ದಂಟುಗಳಾಗಿ ಹೊರಡುವ ಗರಿಗಳು ಜೋಲುಬಿದ್ದು, ದೂರದಿಂದ ಒಣಹುಲ್ಲಿನ ಬಣವೆ ನಡೆದು ಬಂದಂತೆ ಕಾಣುತ್ತದೆ.

ಎಮು ಒಂದೆಡೆ ನಿಲ್ಲುವ ಜೀವಿಯಲ್ಲ. ಮಳೆ ಬಿದ್ದು ಹಸಿರು ಚಿಗುರಿದ ಕಡೆಗೆ ನೂರಾರು ಕಿ.ಮೀ. ನಡೆಯುತ್ತದೆ. ಚಿಗುರು, ಹಣ್ಣು, ಬೀಜ, ಮಿಡತೆ, ಕಂಬಳಿಹುಳು ಅದರ ಆಹಾರ. ಹಲ್ಲಿಲ್ಲದ ಕಾರಣ ತಿಂದದ್ದನ್ನು ಅರೆಯಲು ಕಲ್ಲುಗಳನ್ನೂ ನುಂಗುತ್ತದೆ. ಸಮೃದ್ಧಿಯ ದಿನಗಳಲ್ಲಿ ಮೈಯಲ್ಲಿ ಕೊಬ್ಬು ಶೇಖರಿಸಿಕೊಂಡು ಬರಗಾಲವನ್ನು ಅದರಲ್ಲೇ ಕಳೆಯುತ್ತದೆ.

ಆ ಕೊಬ್ಬಿನ ನಿಜವಾದ ಪರೀಕ್ಷೆ ಸಂತಾನಕಾಲದಲ್ಲಿ. ಗಾತ್ರದಲ್ಲಿ ಹೆಣ್ಣೇ ಹಿರಿದು. ಕತ್ತಿನ ಗಾಳಿಚೀಲವನ್ನು ಉಬ್ಬಿಸಿ ನಗಾರಿಯಂತೆ ಸದ್ದು ಹೊರಡಿಸುವುದೂ ಅದೇ. ಅರ್ಧ ಕಿಲೋಗೂ ಹೆಚ್ಚು ತೂಗುವ, ಕಡುಹಸಿರು ಬಣ್ಣದ ಮೊಟ್ಟೆಗಳನ್ನಿಟ್ಟ ಮೇಲೆ ತಾಯಿಯ ಹೊಣೆ ಬಹುತೇಕ ಮುಗಿಯಿತು. ಮುಂದಿನ ಎಂಟು ವಾರ ಕಾವು ಕೊಡುವುದು ಗಂಡು. ಆ ಅವಧಿಯಲ್ಲಿ ಅದು ಬಹುಪಾಲು ಅನ್ನನೀರು ಬಿಟ್ಟು, ದಿನಕ್ಕೆ ಹತ್ತು ಬಾರಿ ಎದ್ದು ಮೊಟ್ಟೆಗಳನ್ನು ಹೊರಳಿಸುವುದಷ್ಟೇ ಕೆಲಸವೆಂಬಂತೆ ಕೂರುತ್ತದೆ. ಗೂಡು ಬಿಟ್ಟೇಳುವ ಹೊತ್ತಿಗೆ ದೇಹತೂಕದ ಮೂರನೇ ಒಂದು ಭಾಗದಷ್ಟು ಕರಗಿರುತ್ತದೆ. ಬಳಿಕ ಪಟ್ಟೆಪಟ್ಟೆಯ ಮರಿಗಳನ್ನು ತಿಂಗಳುಗಟ್ಟಲೆ ಕಾಯುವುದೂ ತಂದೆಯೇ.

ಅಲೆದಾಟದ ಈ ಸ್ವಭಾವ 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸೇನೆಯನ್ನೇ ಬರಮಾಡಿಕೊಂಡಿತು. ಸುಮಾರು 20 ಸಾವಿರ ಎಮುಗಳು ಗೋಧಿ ಹೊಲಗಳಿಗೆ ನುಗ್ಗಿದಾಗ ಮೇಜರ್ ಮೆರೆಡಿತ್ ನೇತೃತ್ವದ ಪುಟ್ಟ ತುಕಡಿ ಎರಡು ಲೂಯಿಸ್ ಮೆಷಿನ್‌ಗನ್‌ಗಳೊಡನೆ ಅಲ್ಲಿಗೆ ಧಾವಿಸಿತು. ಹಕ್ಕಿಗಳು ಚಿಕ್ಕಚಿಕ್ಕ ಗುಂಪುಗಳಾಗಿ ಚದುರಿ ಗುಂಡಿಗೆ ಸಿಗದಾದವು. ಡಿಸೆಂಬರ್‌ನಲ್ಲಿ ಸೇನೆ ಹಿಂದಿರುಗಿತು, ಎಮುಗಳು ಉಳಿದವು. ದ್ವೀಪಗಳಲ್ಲಿದ್ದ ಕುಳ್ಳ ಎಮುಗಳಿಗೆ ಮಾತ್ರ ಆ ಅದೃಷ್ಟವಿರಲಿಲ್ಲ. ಕಿಂಗ್ ದ್ವೀಪದ ಎಮುವಿನ ಕೊನೆಯ ಕೊಂಡಿ 1822ರಲ್ಲಿ ಪ್ಯಾರಿಸ್‌ನಲ್ಲಿ ಕಳಚಿತು.

ಭಾರತದಲ್ಲಿ ಎಮುವನ್ನು ಮನೆಮಾತಾಗಿಸಿದ್ದು ಮೃಗಾಲಯವಲ್ಲ, ಫಾರ್ಮ್. 2000ದ ದಶಕದಲ್ಲಿ ಆಂಧ್ರ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಹಬ್ಬಿದ ಎಮು ಸಾಕಣೆಯ ಹುಚ್ಚು ಕರ್ನಾಟಕವನ್ನೂ ಬಿಡಲಿಲ್ಲ. ಕೋಳಿಗಿಂತ ಲಾಭ, ಎಣ್ಣೆಗೆ ಬಂಗಾರದ ಬೆಲೆ ಎಂಬ ಪ್ರಚಾರಕ್ಕೆ ಮರುಳಾದವರು ಹಕ್ಕಿಯ ಜೀವನಕ್ರಮವನ್ನು ಗಮನಿಸಲಿಲ್ಲ. ಎಮು ಮೊಟ್ಟೆಯಿಡಲು ಸುಮಾರು ಎರಡು ವರ್ಷ ಬೇಕು, ಅದೂ ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಮಾತ್ರ. ಎಣ್ಣೆ ಎಂದು ಕರೆದದ್ದು ಬರಗಾಲಕ್ಕೆಂದು ಹಕ್ಕಿ ಕೂಡಿಟ್ಟ ಕೊಬ್ಬೇ ಆಗಿದ್ದು, ಕೊಲ್ಲದೆ ದೊರೆಯುವುದಿಲ್ಲ. ಮಾಂಸಕ್ಕೆ ಇಲ್ಲಿ ಗಿರಾಕಿಗಳೇ ಇರಲಿಲ್ಲ. ಹೀಗಾಗಿ ಹೆಚ್ಚಿನ ಆದಾಯ ಬರುತ್ತಿದ್ದುದು ಹೊಸ ಸಾಕಣೆದಾರರಿಗೆ ಮರಿ ಮಾರುವುದರಿಂದ. ಹೊಸಬರು ನಿಂತಾಗ ಸರಪಳಿಯೂ ತುಂಡಾಯಿತು.

2012ರ ಆಗಸ್ಟ್‌ನಲ್ಲಿ ಈರೋಡ್ ಜಿಲ್ಲೆಯ ಪೆರುಂದುರೈನ ಸುಸಿ ಎಮು ಫಾರ್ಮ್ಸ್ ಕುಸಿದು ಬಿತ್ತು. ಠೇವಣಿ ಇಟ್ಟವರಿಗೆ ಹಕ್ಕಿಯ ಜೊತೆ ತಿಂಗಳ ಹಣವನ್ನೂ ಕೊಡುವುದಾಗಿ ಅದು ಮಾತು ಕೊಟ್ಟಿತ್ತು. ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿತು, ಅನಾಥವಾದ ಹಕ್ಕಿಗಳಿಗೆ ಮೇವು ಹಾಕುವ ಹೊಣೆ ತಮಿಳುನಾಡು ಸರ್ಕಾರದ ಹೆಗಲೇರಿತು. ಎಮು ಇಪ್ಪತ್ತು ವರ್ಷಕ್ಕೂ ಮೀರಿ ಬಾಳಬಲ್ಲದು. ಮಾರಲೂ ಆಗದ, ಸಾಕಲೂ ಆಗದ ಹಕ್ಕಿಯನ್ನು ಹಿತ್ತಲಲ್ಲಿಟ್ಟುಕೊಂಡ ರೈತನಿಗೆ ಆ ದೀರ್ಘಾಯುಷ್ಯವೇ ಹೊರೆಯಾಗಿತ್ತು.

ಆಸ್ಟ್ರೇಲಿಯಾದಲ್ಲಿ ಎಮು ಮೊಟ್ಟೆಯಿಡುವುದು ಏಪ್ರಿಲ್‌ನಿಂದ ಜೂನ್‌ವರೆಗೆ, ಅಲ್ಲಿ ಚಳಿ ಆರಂಭವಾಗುವ ಹೊತ್ತಿಗೆ. ನಮ್ಮಲ್ಲಿ ಅದೇ ಹಕ್ಕಿ ಲೆಕ್ಕ ಬದಲಿಸಿಕೊಂಡು ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಮೊಟ್ಟೆಯಿಡುತ್ತದೆ. ಹೆಣ್ಣೆಮುವಿನ ನಗಾರಿಯನ್ನು ಕೇಳಬಯಸುವವರು ಮೈಸೂರಿಗೆ ಆ ತಿಂಗಳುಗಳಲ್ಲಿ ಹೋಗುವುದು ಒಳಿತು. ಮಂಗಳವಾರ ಮೃಗಾಲಯಕ್ಕೆ ರಜೆ.