ಹೆತ್ತವಳ ರಕ್ತದ ನೆನಪು

ಒಡಹುಟ್ಟಿದವರದು ಒಂದೇ ರಕ್ತ ಎನ್ನುತ್ತೇವಲ್ಲ, ಅಸ್ಥಿಮಜ್ಜೆಯ ಕಸಿಗೆ ಅವರಲ್ಲೂ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲೊಂದು. ಹೊಂದದಿದ್ದರೆ ದಾನಿಯ ಜೀವಕೋಶಗಳೇ ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ಎರಗಬಹುದು. ಹೊಂದಾಣಿಕೆ ನೋಡುವ ಎಚ್‌ಎಲ್‌ಎ ಗುರುತುಗಳನ್ನು ವಿಂಗಡಿಸಲು ನೆರವಾದದ್ದು ಯಾರ ರಕ್ತ ಗೊತ್ತೆ? ಹಲವು ಮಕ್ಕಳನ್ನು ಹೆತ್ತ ತಾಯಂದಿರದು.

1958ರಲ್ಲಿ ಹಾಲೆಂಡಿನ ವಾನ್ ರೂಡ್, ಅಮೆರಿಕದ ರೋಸ್ ಪೇನ್ ಎಂಬಾಕೆ ಬೇರೆಬೇರೆಯಾಗಿ ಕಂಡದ್ದು ಇದು: ಮಗು ತಂದೆಯಿಂದ ಪಡೆದ ಗುರುತುಗಳ ವಿರುದ್ಧ ಬಸುರಿಯ ರಕ್ತ ಪ್ರತಿಕಾಯ ಕಟ್ಟಿಕೊಳ್ಳುತ್ತದೆ. 1968ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಅಕ್ಕನ ಮಜ್ಜೆ ಪಡೆದ ಗಂಡುಕೂಸೊಂದು ಬದುಕಿತು. 1980ರ ನೊಬೆಲ್ ಮೂವರು ಗಂಡಸರಿಗೆ ಹೋಯಿತು. ಪೇನ್‌ಗೆ ಸಿಗಲಿಲ್ಲ, ನನಗದು ಇಂದಿಗೂ ಸರಿಕಾಣದು.

ಆ ರಕ್ತದ ನೆನಪು ಬೇಗ ಮಾಸದು. ಹೆತ್ತವಳೇ ದಾನಿಯಾದರೆ, ಅದರಲ್ಲೂ ಗಂಡಸಿಗೆ, ಗುರುತು ಹೊಂದಿದರೂ ತೊಡಕು ಹೆಚ್ಚು. ಅದಕ್ಕೇ ‘ಎಷ್ಟು ಸಲ ಬಸುರಾಗಿದ್ದಿರಿ’ ಎಂದು ವೈದ್ಯರು ವಿಚಾರಿಸುವುದು.