ನಿಸ್ತಂತು ಐಪಿ ಫೋನ್: ಮಹಡಿಗೊಂದು ಸಬ್‌ನೆಟ್ ಏಕೆ ಸಲ್ಲದು?

ವೈ-ಫೈ ಮೂಲಕ ಕೆಲಸ ಮಾಡುವ ಐಪಿ ಫೋನ್‌ಗಳು ಹೆಚ್ಚಾಗಿ ಬಳಕೆಯಾಗುವುದು ಆಸ್ಪತ್ರೆ, ಗೋದಾಮು, ದೊಡ್ಡ ಹೋಟೆಲ್‌ಗಳಲ್ಲಿ. ಅಂದರೆ ಸಿಬ್ಬಂದಿ ಒಂದೆಡೆ ಕೂರದ ತಾಣಗಳಲ್ಲಿ. ಮೇಜಿನ ಮೇಲಿನ ಕಂಪ್ಯೂಟರ್‌ಗಳಿಗೆ ಮಹಡಿಗೊಂದು ಸಬ್‌ನೆಟ್ ಹಂಚುವುದು ಹಲವೆಡೆ ರೂಢಿ. ಅದನ್ನೇ ಈ ಫೋನ್‌ಗಳಿಗೂ ಅನ್ವಯಿಸಿದರೆ ತೊಂದರೆ ತಪ್ಪಿದ್ದಲ್ಲ.

ಆಸ್ಪತ್ರೆಯೊಂದರಲ್ಲಿ ದಾದಿಯೊಬ್ಬರು ವೈದ್ಯರೊಡನೆ ಫೋನಿನಲ್ಲಿ ಮಾತನಾಡುತ್ತಲೇ ಮೊದಲ ಮಹಡಿಯಿಂದ ಎರಡನೆಯದಕ್ಕೆ ಮೆಟ್ಟಿಲೇರುತ್ತಾರೆ ಎಂದಿಟ್ಟುಕೊಳ್ಳಿ. ಫೋನ್ ಮೇಲಿನ ಮಹಡಿಯ ಆಕ್ಸೆಸ್ ಪಾಯಿಂಟ್‌ಗೆ ಸೇರಿಕೊಳ್ಳುತ್ತದೆ. ಅಲ್ಲಿನ ಸಬ್‌ನೆಟ್ ಬೇರೆಯಾಗಿದ್ದರೆ ಹಳೆಯ ಐಪಿ ವಿಳಾಸ ನಿರುಪಯುಕ್ತ. ವೈದ್ಯರ ಧ್ವನಿಯ ಪ್ಯಾಕೆಟ್‌ಗಳು ಮಾತ್ರ ಆ ಹಳೆಯ ವಿಳಾಸಕ್ಕೇ ಹೋಗುತ್ತಿರುತ್ತವೆ. ಔಷಧದ ಪ್ರಮಾಣ ಹೇಳುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತದೆ. ಹೀಗಾಗಿ ಕಟ್ಟಡಕ್ಕೆಲ್ಲ ಒಂದೇ ಧ್ವನಿ ಸಬ್‌ನೆಟ್, ಅದಕ್ಕೆಂದೇ ಪ್ರತ್ಯೇಕ ವಿಲ್ಯಾನ್ ಇರುವುದು ಲೇಸು. ಕೇಂದ್ರೀಯ ಕಂಟ್ರೋಲರ್ ಉಳ್ಳ ಹಲವು ಜಾಲಗಳು ಮಹಡಿ ಬದಲಾದರೂ ಹಳೆಯ ವಿಳಾಸವನ್ನೇ ಉಳಿಸಿಕೊಡಬಲ್ಲವು, ನಿಜ. ಆದರೆ ಆ ಸೌಲಭ್ಯ ಎಲ್ಲ ಕಚೇರಿಗಳಲ್ಲೂ ಇರುವುದಿಲ್ಲ.

ಸಬ್‌ನೆಟ್‌ನ ಗಾತ್ರ ಫೋನ್‌ಗಳ ಸಂಖ್ಯೆಯನ್ನು ಅವಲಂಬಿಸಿದೆ. 80 ಫೋನ್‌ಗಳಿಗೆ 62 ವಿಳಾಸಗಳ /26 ಸಾಲದು. 126 ವಿಳಾಸಗಳ /25 ಸಾಕು. ಮುಂದೆ ವಿಸ್ತರಣೆಯ ಯೋಜನೆಯಿದ್ದರೆ 254 ವಿಳಾಸಗಳ /24 ಇಟ್ಟುಕೊಳ್ಳಬಹುದು. ಜಾಗ ಉಳಿದಿದೆಯೆಂದು ಲ್ಯಾಪ್‌ಟಾಪ್‌ಗಳನ್ನೂ ಅಲ್ಲಿಗೇ ತುಂಬುವುದು ತರವಲ್ಲ. ಅವು ಹೊರಡಿಸುವ ಪ್ರಸಾರ ಸಂದೇಶಗಳು ನಿದ್ರಾಸ್ಥಿತಿಯಲ್ಲಿರುವ ಫೋನ್‌ಗಳನ್ನು ಪದೇಪದೇ ಎಚ್ಚರಿಸಿ ಬ್ಯಾಟರಿ ಕರಗಿಸುತ್ತವೆ.

ಡಿಎಚ್‌ಸಿಪಿ ಸರ್ವರ್ ಬೇರೆ ಸಬ್‌ನೆಟ್‌ನಲ್ಲಿದ್ದರೆ ರೌಟರ್‌ನಲ್ಲಿ ರಿಲೇ ವ್ಯವಸ್ಥೆ ಬೇಕು. ಫೋನಿಗೆ ಐಪಿ ವಿಳಾಸ, ಗೇಟ್‌ವೇ ಮಾತ್ರವಲ್ಲ, ತನ್ನ ಸಂರಚನಾ ಕಡತ ಎಲ್ಲಿದೆ ಎಂಬುದೂ ತಿಳಿಯಬೇಕು. ಇದಕ್ಕೆ ಅನೇಕ ತಯಾರಕರು 66ನೇ ಆಪ್ಷನ್ ಬಳಸಿದರೆ, ಸಿಸ್ಕೋ ಫೋನ್‌ಗಳು 150ನೆಯದನ್ನು ನೋಡುತ್ತವೆ. ಇದೊಂದು ಬಿಟ್ಟುಹೋದರೂ ಸಿಗ್ನಲ್ ಪೂರ್ಣವಿದ್ದು ಕರೆ ಮಾತ್ರ ಹೋಗದ ಸ್ಥಿತಿ ಎದುರಾಗಬಹುದು. ತಂತ್ರಜ್ಞರು ಆಗ ಸುಮ್ಮನೆ ಆ್ಯಂಟೆನಾ ತಿರುಗಿಸುತ್ತಿರುತ್ತಾರೆ!

ಪ್ರತ್ಯೇಕ ಸಬ್‌ನೆಟ್ ಮಾಡಿದ ಮಾತ್ರಕ್ಕೆ ಧ್ವನಿಗೆ ಆದ್ಯತೆ ದೊರೆಯುವುದಿಲ್ಲ. ಜಿ.711 ವಿಧಾನದಲ್ಲಿ ಸಾಮಾನ್ಯವಾಗಿ ಪ್ರತಿ ದಿಕ್ಕಿಗೂ ಸೆಕೆಂಡಿಗೆ 50 ಪ್ಯಾಕೆಟ್‌ಗಳು ಸಾಗುತ್ತವೆ. ವಿಲ್ಯಾನ್ ಬೇರೆಯಾದರೂ ರೇಡಿಯೊ ಚಾನೆಲ್ ಎಲ್ಲರಿಗೂ ಒಂದೇ. ಆದ್ದರಿಂದ ಧ್ವನಿ ಪ್ಯಾಕೆಟ್‌ಗಳಿಗೆ ಡಿಎಸ್‌ಸಿಪಿ 46ರ ಗುರುತು ಹಾಕಿ, ಸ್ವಿಚ್‌ಗಳು ಆ ಗುರುತನ್ನು ಮಾನ್ಯ ಮಾಡುವಂತೆ ಹೊಂದಿಸಿ, ಆಕ್ಸೆಸ್ ಪಾಯಿಂಟ್‌ಗಳಲ್ಲಿ ಡಬ್ಲ್ಯುಎಂಎಂ ಚಾಲೂ ಇರಿಸಬೇಕಾಗುತ್ತದೆ.