ಧಾರಣೆ ಪಟ್ಟಿಯನ್ನು ಕಿವಿಯಿಂದ ಓದುವವರು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರಲ್ಲಿ ಅನೇಕರು ಪತ್ರಿಕೆ ಬಿಡಿಸಿದೊಡನೆ ಹುಡುಕುವುದು ಧಾರಣೆಯ ಪಟ್ಟಿಯನ್ನು. ರಾಜಕೀಯವೆಲ್ಲ ಆಮೇಲೆ. ರಾಶಿ, ಚಾಲಿ, ಬೆಟ್ಟೆ, ಕೋಕಾ, ಬಿಳೇಗೋಟು. ಒಂದೊಂದರ ಎದುರಿಗೂ ಕನಿಷ್ಠ, ಗರಿಷ್ಠ, ಸರಾಸರಿ ದರ. ಕಣ್ಣು ಒಮ್ಮೆ ಮೇಲಕ್ಕೆ, ಒಮ್ಮೆ ಎಡಕ್ಕೆ ಓಡಿ ಯಾವ ಅಂಕಿ ಯಾವುದರದ್ದೆಂದು ಕ್ಷಣದಲ್ಲಿ ಗುರುತಿಸುತ್ತದೆ. ಕಣ್ಣು ಕಾಣದ ಬೆಳೆಗಾರನ ಗತಿಯೇನು? ಬಿಳೇಗೋಟಿನ ದರವನ್ನೇ ರಾಶಿಯ ದರವೆಂದು ತಿಳಿದರೆ ಕ್ವಿಂಟಲಿಗೆ ಸಾವಿರಗಟ್ಟಲೆ ರೂಪಾಯಿ ಕೈಬಿಟ್ಟೀತು.

ಬಾನುಲಿಯ ಕಾಲದಲ್ಲಿ ಈ ತೊಡಕು ಅಷ್ಟಾಗಿ ಇರಲಿಲ್ಲ. ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರಲ್ಲಿ. ಬಾನುಲಿಯಲ್ಲಿ ಪೇಟೆ ಧಾರಣೆ ಓದುವ ಕ್ರಮವನ್ನು ಕೇಳಿ ಬಲ್ಲವರು ನೆನಪಿಸಿಕೊಳ್ಳಲಿ: ಮೊದಲು ಊರು, ಬಳಿಕ ಮಾಲು, ಅನಂತರ ದರ. ಹೆಸರನ್ನು ಬಿಟ್ಟು ಅಂಕಿಯೊಂದೇ ಹೊರಬೀಳುತ್ತಿರಲಿಲ್ಲ. ಕಣ್ಣಿದ್ದವನಿಗೂ ಇಲ್ಲದವನಿಗೂ ಅಲ್ಲಿ ಒಂದೇ ನ್ಯಾಯ.

2000ದಲ್ಲಿ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಬಂತು, ಪೇಟೆಯ ದರಗಳು ಗಣಕಯಂತ್ರದ ಪರದೆಯನ್ನೇರಿದವು. ಈಗಂತೂ ಮಳೆಯ ಲೆಕ್ಕ, ರೋಗದ ಲೆಕ್ಕ, ಯೋಜನೆಗಳ ಲೆಕ್ಕ ಎಲ್ಲವೂ ಡ್ಯಾಶ್‌ಬೋರ್ಡ್ ಎಂಬ ಬಣ್ಣದ ಫಲಕದ ಮೇಲೆಯೇ. ಅಂಧರು ಪರದೆಯನ್ನು ಓದಿ ಹೇಳುವ ತಂತ್ರಾಂಶದಿಂದ ಇದನ್ನು ಕೇಳುತ್ತಾರೆ. ಇವುಗಳಲ್ಲಿ ಎನ್‌ವಿಡಿಎ ಎಂಬುದು ಉಚಿತ. ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅದನ್ನು 2006ರಲ್ಲಿ ಆರಂಭಿಸಿದರು. ಅದು ಕನ್ನಡವನ್ನೂ ಓದುತ್ತದೆ, ಅಕ್ಷರ ಯೂನಿಕೋಡ್‌ನಲ್ಲಿದ್ದರೆ. ಹಳೆಯ ಲಿಪಿಗಳಲ್ಲಿ ಕೂಡಿಸಿದ ಕನ್ನಡ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ತಂತ್ರಾಂಶ ಅದನ್ನು ಅರ್ಥವಿಲ್ಲದ ಗಲಿಬಿಲಿಯಾಗಿ ಉಚ್ಚರಿಸುತ್ತದೆ.

ಅಕ್ಷರ ಸರಿಯಿದ್ದರೂ ಸಾಲದು. ಕೋಷ್ಟಕದ ತಲೆಬರಹವನ್ನು ಅದರ ಕೆಳಗಿನ ಅಂಕಿಗೆ ಜೋಡಿಸದಿದ್ದರೆ ಕಿವಿಗೆ ಬೀಳುವುದು ಬರೀ ಅಂಕಿಗಳ ಸರಮಾಲೆ.

ಇದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದ ಸಂಗತಿ. 2021ರ ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರು ಕೋವಿಡ್ ಲಸಿಕೆಗೆ ಕೋವಿನ್ ತಾಣದಲ್ಲಿ ಹೆಸರು ನೋಂದಾಯಿಸುವುದನ್ನು ಮೊದಲಿಗೆ ಕಡ್ಡಾಯ ಮಾಡಲಾಗಿತ್ತು. ಮೇ 31ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠವು ಆ ತಾಣದ ಕೊರತೆಗಳನ್ನು ಎತ್ತಿ ತೋರಿಸಿತು. ಎಷ್ಟು ಲಸಿಕೆ ಲಭ್ಯ ಎಂಬ ಸಂಖ್ಯೆ ದೃಷ್ಟಿಹೀನರಿಗೆ ಕೇಳುತ್ತದೆ, ಆದರೆ ಅದು ಯಾವ ಅವಧಿಯದ್ದೆಂದು ತಿಳಿಯುವುದಿಲ್ಲ. ಕೋಷ್ಟಕಕ್ಕೆ ಶೀರ್ಷಿಕೆಗಳನ್ನು ಹೊಂದಿಸಿದರೆ ಇದು ಸರಿಹೋದೀತು ಎಂದಿತು ಪೀಠ. ಊರಿಲ್ಲ, ಮಾಲಿಲ್ಲ, ದರ ಮಾತ್ರ ಕೇಳಿದಂತೆಯೇ!

ಈ ಜೋಡಣೆಯೇನು ಹೊಸ ವಿದ್ಯೆಯೇ? ಅಲ್ಲ. ಅಂತರಜಾಲದ ಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯ 4ನೇ ಆವೃತ್ತಿ 1997ರ ಡಿಸೆಂಬರಿನಲ್ಲಿ ಬಂದಾಗಲೇ ತಲೆಬರಹವನ್ನು ಅಂಕಿಗೆ ಕಟ್ಟುವ ಸೌಲಭ್ಯ ಅದರಲ್ಲಿತ್ತು. ಬರೆಯುವವರು ಬಳಸಲಿಲ್ಲ, ಅಷ್ಟೆ.

ಬಣ್ಣದ ಕಥೆ ಬೇರೆ. 2020ರ ಏಪ್ರಿಲ್ ಕೊನೆಗೆ ದೇಶದ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ವಲಯಗಳಾಗಿ ವಿಂಗಡಿಸಿದಾಗ ನಮ್ಮ ಉತ್ತರ ಕನ್ನಡ ಕಿತ್ತಳೆಯಾಯಿತು. ಕೆಂಪು-ಹಸಿರು ವ್ಯತ್ಯಾಸ ಕಾಣದವರಿಗೆ ಬಣ್ಣ ಬಳಿದ ನಕಾಶೆಯಿಂದ ಏನು ತಿಳಿದೀತು? ಹೆಸರು ಬರೆದಿದ್ದರೆ ಮಾತ್ರ ಉಂಟು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ ತನ್ನದೇ ಈ ನ್ಯೂನತೆಯನ್ನು 1794ರಷ್ಟು ಹಿಂದೆಯೇ ವಿವರಿಸಿದ್ದ.

ಕಾನೂನಿಗೂ ಕೊರತೆಯಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾಹಿತಿ ತಂತ್ರಜ್ಞಾನವನ್ನೂ ಒಳಗೊಂಡಿದೆ. ಅದರ ನಿಯಮವೊಂದು ಬರೀ ಸಲಹೆಯ ಧಾಟಿಯಲ್ಲಿದೆ, ಮಾನದಂಡ ಕಡ್ಡಾಯವಾಗಬೇಕು ಎಂದು 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಅನೂರ್ಜಿತಗೊಳಿಸಿತು.

ಪೇಟೆಯ ಮಟ್ಟದಲ್ಲಿ ಕೆಲಸ ಇಷ್ಟು ದೊಡ್ಡದಲ್ಲ. ದರದ ಹಾಳೆಯನ್ನು ಫೋಟೋ ಹಿಡಿದು ಫೋನಿಗೆ ಕಳಿಸಿದರೆ ಓದುವ ತಂತ್ರಾಂಶ ಅದನ್ನು ಚಿತ್ರವೆಂದಷ್ಟೇ ಹೇಳಿ ಮುಂದೆ ಸಾಗಬಹುದು. ಅದನ್ನೇ ಅಕ್ಷರದಲ್ಲಿ, ‘ಶಿರಸಿ, ರಾಶಿ, ಗರಿಷ್ಠ’ ಎಂದು ಬರೆದು ಪಕ್ಕದಲ್ಲಿ ದರ ನಮೂದಿಸಿದರೆ, ಹಿಂದೆ ಬಾನುಲಿಯಲ್ಲಿ ಕೇಳಿಬರುತ್ತಿದ್ದ ಅದೇ ಕ್ರಮದಲ್ಲಿ ಓದುತ್ತದೆ.